ಗ್ರಾಂ ಸಾಹೇಬರ ಹನ್ನೊಂದು ಮೊಟ್ಟೆಗಳು

ಗ್ರಾಂ ಸಾಹೇಬರು ನಿಜವಾಗಿ ಸಾಹೇಬರೇನೂ ಅಲ್ಲ. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಮುದ್ರೆ ಹೊಡೆಯುವ ಗುಮಾಸ್ತರು. ಒಂದು ಕೈಯಲ್ಲಿ ಉಕ್ಕಿನ ಅಚ್ಚು, ಇನ್ನೊಂದು ಕೈಯಲ್ಲಿ ಪುಟ್ಟ ಸುತ್ತಿಗೆ. ತಕ್ಕಡಿ ಸರಿಯಾಗಿದ್ದರೆ ಟಕ್ ಎಂದು ಒಂದೇ ಏಟು. ತಪ್ಪಾಗಿದ್ದರೆ ಕೆಂಪು ಚೀಟಿ. ಆ ಚೀಟಿಯ ಮೇಲೆ ‘ಇದು ತಪ್ಪು ಅಳತೆ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತದೆ. ಅದನ್ನು ಏಳು ದಿನ ಅಂಗಡಿಯ ಮುಂದೆ ತೂಗುಹಾಕಬೇಕು, ಹೋಗುವವರು ಬರುವವರು ಓದಬೇಕು.

ಅವರದೇ ಬೀದಿಯ ಮೂಲೆ ಅಂಗಡಿಯವನ ತಕ್ಕಡಿ ಒಂದು ಸಲ ಕಿಲೋಗೆ ಹತ್ತು ಗ್ರಾಂ ತಪ್ಪು ತೋರಿಸಿತ್ತು.

“ಸಾಹೇಬ್ರೆ, ಹತ್ತೇ ಹತ್ತು ಗ್ರಾಂ. ಅದೂ ಗೊತ್ತಿಲ್ಲದೆ ಆಗಿದ್ದು. ದಿನಾ ಬೆಳಗಾದ್ರೆ ಮುಖ ನೋಡೋ ಜನ ನಾವು” ಎಂದು ಅಂಗಡಿಯವನು ಗೋಗರೆದ.

“ಗೊತ್ತಿದ್ದು ಮಾಡಿದ್ರೆ ಮೋಸ, ಗೊತ್ತಿಲ್ಲದೆ ಮಾಡಿದ್ರೆ ಅಜಾಗರೂಕತೆ. ಚೀಟಿ ಎರಡಕ್ಕೂ ಒಂದೇ” ಎಂದರು ಸಾಹೇಬರು. ಏಳು ದಿನ ಚೀಟಿ ತೂಗಿತು. ಎಂಟನೇ ದಿನ ಇಡೀ ಬೀದಿ ಅವರನ್ನು ಗ್ರಾಂ ಸಾಹೇಬ್ರು ಎಂದು ಕರೆಯತೊಡಗಿತು. ಅವರು ಅದನ್ನು ಬಿರುದೆಂದೇ ತಿಳಿದರು.

ಭಾಷೆಯಲ್ಲಿ ಕೆಲವು ಮಾತುಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ‘ಸುಮಾರು’, ‘ಒಂಚೂರು’, ‘ಹೆಚ್ಚೂಕಡಿಮೆ’, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ‘ಒಂದು ಹಿಡಿ’. ದುರದೃಷ್ಟಕ್ಕೆ ಅವರ ಮನೆಯ ಅಡುಗೆಯೆಲ್ಲ ನಡೆಯುತ್ತಿದ್ದದ್ದು ಹಿಡಿಯ ಲೆಕ್ಕದಲ್ಲೇ, ಏಕೆಂದರೆ ಅಡುಗೆ ಅವರ ಅತ್ತೆಯದು.

“ಒಂದು ಹಿಡಿ ಅಂದ್ರೆ ಯಾರ ಹಿಡಿ ಅತ್ತೆ? ನಿಮ್ಮ ಹಿಡಿ ಬೇರೆ, ನನ್ನ ಹಿಡಿ ಬೇರೆ.”

“ಬಡಿಸೋರ ಹಿಡಿ ಅಳಿಯಂದಿರೇ. ಸುಮ್ಮನೆ ಉಣ್ಣಿ.”

ಇಷ್ಟಿದ್ದರೂ ಅತ್ತೆ–ಅಳಿಯನಿಗೆ ಬಹಳ ಹೊಂದಾಣಿಕೆ. ಕಾರಣ ಸರಳ. ಸಾಹೇಬರು ಸಂಜೆ ಬಂದು ಕಚೇರಿಯ ಕಥೆ ಶುರುಮಾಡಿದರೆ ಹೆಂಡತಿ ಮೂರನೇ ವಾಕ್ಯಕ್ಕೆ ಆಕಳಿಸುತ್ತಿದ್ದಳು. ಅತ್ತೆ ಮಾತ್ರ ಬೆಳ್ಳುಳ್ಳಿ ಸುಲಿಯುತ್ತ ಕೊನೆಯವರೆಗೂ ಕೇಳುತ್ತಿದ್ದರು, ನಡುನಡುವೆ “ಆಮೇಲೆ?” ಅನ್ನುತ್ತಿದ್ದರು. ಆ “ಆಮೇಲೆ” ಇಲ್ಲದಿದ್ದರೆ ತನಗೆ ಸಂಜೆಯೆಂಬುದೇ ಇಲ್ಲ ಎಂದು ಸಾಹೇಬರಿಗೆ ಒಳಗೊಳಗೇ ಗೊತ್ತಿತ್ತು. ಆದರೆ ಅದನ್ನು ತೂಗಿ ನೋಡುವ ಸಂದರ್ಭ ಬಂದಿರಲಿಲ್ಲ.

ಬಂದದ್ದು ಒಂದು ಭಾನುವಾರ.

ಅತ್ತೆ ಮಗಳ ಮನೆಗೆ ಬರುವಾಗ ಒಂದು ಟ್ರಂಕು, ಒಂದು ಕಂಬಳಿ, ಒಂದು ಕಂದು ಬಣ್ಣದ ಕೋಳಿ ತಂದಿದ್ದರು. ಟ್ರಂಕಿನಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿಲ್ಲ, ಕೋಳಿ ಮಾತ್ರ ಅವರ ಪ್ರಾಣ. ಆ ಭಾನುವಾರ ಬೆಳಿಗ್ಗೆ ಕೋಳಿ ಹಿತ್ತಲಿನ ಬುಟ್ಟಿಯಲ್ಲಿ ಹನ್ನೊಂದು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತು. ಅತ್ತೆ ಬಾಗಿಲ ಹತ್ತಿರ ಗಟ್ಟಿಯಾಗಿ ಮಾತಾಡಬಾರದೆಂದು ಮನೆಮಂದಿಗೆಲ್ಲ ತಾಕೀತು ಮಾಡಿ ಸ್ನಾನಕ್ಕೆ ಹೋದರು.

ಗ್ರಾಂ ಸಾಹೇಬರು ಗಟ್ಟಿಯಾಗಿ ಮಾತಾಡಲಿಲ್ಲ. ಮೆಲ್ಲನೆ ಹೋಗಿ ಕೋಳಿಯನ್ನು ಎತ್ತಿ ತೂಕ ಮಾಡಿದರು. ಮನೆಯಲ್ಲಿ ತೂಕ ಮಾಡದ ವಸ್ತು ಅದೊಂದೇ ಉಳಿದಿತ್ತು. ಕೋಳಿಯನ್ನು ತೂಗಿ ನೆಲಕ್ಕೆ ಬಿಟ್ಟು, ಹನ್ನೊಂದು ಮೊಟ್ಟೆಗಳನ್ನೂ ಒಂದೊಂದಾಗಿ ತೂಗಿ, ಪೆನ್ಸಿಲಿನಲ್ಲಿ ಪ್ರತಿಯೊಂದರ ಮೇಲೂ ಗ್ರಾಂ ಬರೆದು, ಕ್ರಮವಾಗಿ ಜೋಡಿಸಿಟ್ಟರು. ಕೋಳಿ ಹಿಂತಿರುಗಿ ಬಂತು. ಬುಟ್ಟಿಯೊಳಗೆ ನೋಡಿತು. ಸಾಹೇಬರನ್ನು ನೋಡಿತು. ಕತ್ತು ಅತ್ತ ತಿರುಗಿಸಿ ಕಾಂಪೌಂಡು ಹಾರಿ ಹೊರಟೇಹೋಯಿತು. ಎಷ್ಟು ಕರೆದರೂ ಬರಲಿಲ್ಲ. ಹಿಡಿದು ತಂದು ಕೂರಿಸಿದರೆ ಎದ್ದುಹೋಯಿತು. ಮತ್ತೆ ಕೂರಿಸಿದರೆ ಅತ್ತೆಯ ಕೈಯನ್ನೇ ಕುಕ್ಕಿ ಹೋಯಿತು.

ಅತ್ತೆ ಒದ್ದೆ ತಲೆಯಲ್ಲೇ ನಿಂತಿದ್ದರು. “ನನ್ನ ಕೋಳಿ ಪಾಡಿಗೆ ಕೋಳಿ ಕೂತಿತ್ತು. ಎಬ್ಬಿಸಿದ್ದು ನೀವು. ತಪ್ಪಾಯ್ತು ಅಂತ ಒಂದು ಮಾತು ಬರಲಿ ಬಾಯಲ್ಲಿ.”

ಆಗ ತಪ್ಪಾಯ್ತು ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ಬೇರೆಯವರ ತಪ್ಪಿಗೆ ಚೀಟಿ ಕಟ್ಟಿದ ಬಾಯಿ ಅದು.

“ತೂಕ ಮಾಡೋದು ತಪ್ಪಲ್ಲ ಅತ್ತೆ. ಕೋಳಿ ಸಹಕರಿಸಲಿಲ್ಲ” ಎಂದರು.

ಅತ್ತೆ ಅಳಿಯನ ಮುಖ ನೋಡುವುದನ್ನು ಅಲ್ಲಿಗೆ ನಿಲ್ಲಿಸಿದರು. ಒಳಗೆ ಹೋಗಿ ಗೋಡೆ ಗಡಿಯಾರದ ಮುಂದೆ ನಿಂತು ಅದಕ್ಕೇ ಹೇಳಿದರು: “ಕೋಳಿ ಬದಲು ಯಾರು ಎಬ್ಬಿಸಿದ್ರೋ ಅವರೇ ಕೂರಲಿ. ಇಪ್ಪತ್ತೊಂದು ದಿನಕ್ಕೆ ಮರಿ ಬಂದ್ರೆ ಸರಿ. ಬರದಿದ್ರೆ ನಾನು ಚಿಕ್ಕವಳ ಮನೆಗೆ ಹೋಗ್ತೀನಿ. ಅಲ್ಲಿ ಅಳಿಯನಿಗೆ ತಕ್ಕಡಿ ಹಿಡಿಯೋಕೂ ಬರಲ್ಲ.”

ಚಿಕ್ಕವಳು ಅಂದರೆ ಅವರ ಕಿರಿಯ ಮಗಳು. ಆಕೆಯ ಗಂಡ, ಅಂದರೆ ನಮ್ಮ ಸಾಹೇಬರ ಷಡ್ಡಕ, ಕಾರಿಟ್ಟುಕೊಂಡವನು. ಅತ್ತೆಯನ್ನು ಕರೆದೊಯ್ಯಲು ನೆಪಕ್ಕಾಗಿ ಎರಡು ವರ್ಷದಿಂದ ಕಾಯುತ್ತಿದ್ದವನು.

“ಕೂರ್ತೀನಿ” ಎಂದರು ಗ್ರಾಂ ಸಾಹೇಬರು. ಆ ಕ್ಷಣದ ಅವರ ನಿಲುವು ನೋಡಿದ್ದರೆ ನಿಜವಾಗಿ ಬುಟ್ಟಿಯ ಮೇಲೇ ಕೂತುಬಿಡುತ್ತಾರೇನೋ ಎಂದು ಯಾರಾದರೂ ಹೆದರಬೇಕು. ಹೆಂಡತಿ ಹೆದರಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

ಕಚೇರಿಯಲ್ಲಿ ಹಳೆಯ ತೂಕದ ಬಟ್ಟುಗಳನ್ನು ಇಡುತ್ತಿದ್ದ ಮರದ ಪೆಟ್ಟಿಗೆಯೊಂದು ಮೂಲೆಗೆ ಬಿದ್ದಿತ್ತು, ಒಳಗೆಲ್ಲ ನೀಲಿ ಮಖಮಲ್ಲು. ಸಾಹೇಬರು ಅದನ್ನು ಎಂದೋ ಕೇಳಿ ಮನೆಗೆ ತಂದುಕೊಂಡಿದ್ದರು. ಮಖಮಲ್ಲಿನ ಮೇಲೆ ಒಣಹುಲ್ಲು ಹಾಸಿ, ಬಲ್ಬು ಇಳಿಬಿಟ್ಟು, ತೇವಕ್ಕೆ ಒಂದು ಬಟ್ಟಲು ನೀರಿಟ್ಟು, ಮುಚ್ಚಳಕ್ಕೆ ಗಾಳಿಯಾಡಲು ಎಂಟು ತೂತು ಕೊರೆದರು. ಕೋಳಿ ಸಾಕುವವರಿಗೆಂದು ಯಾರೋ ಹಂಚಿದ ಕೈಪಿಡಿಯೊಂದನ್ನು ಪಕ್ಕದ ಮನೆಯ ಟೈಲರ್ ತಂದುಕೊಟ್ಟ. ಅದರಲ್ಲಿ ಶಾಖ ಮೂವತ್ತೇಳೂವರೆ ಡಿಗ್ರಿ ಇರಬೇಕು, ಇಪ್ಪತ್ತೊಂದು ದಿನಕ್ಕೆ ಮರಿ ಎಂದು ಬರೆದಿತ್ತು. ಕೊನೆಯ ಪುಟದಲ್ಲಿ ‘ಶಾಖ ಒಂದು ಡಿಗ್ರಿ ಕಡಿಮೆಯಾದರೆ ಮರಿ ಎರಡು ಮೂರು ದಿನ ತಡವಾಗಬಹುದು’ ಎಂದಿತ್ತು. ಸಾಹೇಬರು ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ‘ನಮಗೆ ಅನ್ವಯಿಸುವುದಿಲ್ಲ’ ಎಂದು ಬರೆದರು.

ಏಕೆಂದರೆ ಅವರಲ್ಲಿ ಥರ್ಮಾಮೀಟರ್ ಇತ್ತು. ಅಂತಿಂಥದ್ದಲ್ಲ. ಅಡಿಕೋಲಿನಷ್ಟು ಉದ್ದದ ಹಿತ್ತಾಳೆ ಪಟ್ಟಿ, ಅದರ ಮೇಲೆ ಗಾಜಿನ ಕೊಳವೆ, ಪಕ್ಕದಲ್ಲಿ ಕೆತ್ತಿದ ಅಂಕಿಗಳು. ಎಷ್ಟೋ ವರ್ಷದಿಂದ ಗೋಡೆಯ ಮೇಲೆ ಸರಿಯಾಗಿ ಕೆಲಸ ಮಾಡುತ್ತಿತ್ತು. ಒಂದೇ ಕೊರತೆ ಎಂದರೆ ಅದಕ್ಕೆ ಮುದ್ರೆ ಇರಲಿಲ್ಲ. ಮುದ್ರೆಯಿಲ್ಲದ ಸಾಧನವನ್ನು ನಂಬಿ ಹನ್ನೊಂದು ಜೀವಗಳನ್ನು ಒಪ್ಪಿಸುವುದು ಹೇಗೆ? ಸಾಹೇಬರು ಅಚ್ಚು ಮತ್ತು ಸುತ್ತಿಗೆ ತಂದು, ಹಿತ್ತಾಳೆ ಪಟ್ಟಿಯ ತುದಿಗೆ ತಾವೇ ಟಕ್ ಟಕ್ ಟಕ್ ಎಂದು ಮೂರು ಏಟು ಹಾಕಿ ಅದನ್ನು ಕಾನೂನುಬದ್ಧ ಮಾಡಿದರು. ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಮೊಟ್ಟೆಗಳು ಪೆಟ್ಟಿಗೆ ಸೇರಿದವು.

ಮುಂದಿನ ಮೂರು ವಾರ ಗ್ರಾಂ ಸಾಹೇಬರು ಬದುಕಿದ ರೀತಿಯನ್ನು ಯಾವ ಕೋಳಿಯೂ ಬದುಕಿರಲಾರದು. ಬೆಳಿಗ್ಗೆ ಎದ್ದು ಮೊಟ್ಟೆ ತಿರುವುವುದು, ಮಧ್ಯಾಹ್ನ ಊಟ ಬಿಟ್ಟು ಸೈಕಲ್ಲಿನಲ್ಲಿ ಓಡಿಬಂದು ಮೊಟ್ಟೆ ತಿರುವುವುದು, ಸಂಜೆ ಚಪ್ಪಲಿ ಬಿಚ್ಚುವ ಮೊದಲೇ ಮೊಟ್ಟೆ ತಿರುವುವುದು. ಒಂದು ಕಿಟಕಿ ತೆರೆಯಬೇಕಾದರೂ ಹೆಂಡತಿ ಅನುಮತಿ ಕೇಳಬೇಕು. ದಿನೇ ದಿನೇ ಮೊಟ್ಟೆಗಳ ತೂಕ ಇಳಿಯುತ್ತಿರುವುದನ್ನು ಕಂಡು ಅವರಿಗೆ ಮೊದಮೊದಲು ಸಿಟ್ಟೇ ಬಂದಿತ್ತು. ಅದು ಸಹಜವೆಂದು ಕೈಪಿಡಿಯಲ್ಲಿ ಓದಿದ ಮೇಲೆ ಒಲ್ಲದ ಮನಸ್ಸಿನಿಂದ ಕ್ಷಮಿಸಿದರು. ಹತ್ತನೇ ದಿನ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದು ನೋಡಿದರೆ ಒಳಗೆ ಕೆಂಪು ನರಗಳ ಜಾಲ, ನಡುವೆ ಮಿಡಿಯುವ ಒಂದು ಚುಕ್ಕೆ. ಸಾಹೇಬರು ಟಾರ್ಚು ಆರಿಸಿ ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಪೆಟ್ಟಿಗೆಗೆ ಮರಳಿಸಿದರು. ಆ ಚುಕ್ಕೆಯ ಮೇಲೆ ಅವರಿಗೆ ಪ್ರೀತಿ ಹುಟ್ಟಿಬಿಟ್ಟಿತ್ತು.

ಅತ್ತೆ ಪೆಟ್ಟಿಗೆಯ ಹತ್ತಿರ ಬಂದದ್ದು ಒಂದೇ ಸಲ, ಮೂರನೇ ದಿನ. ಒಂದು ಮೊಟ್ಟೆ ಎತ್ತಿಕೊಂಡು, ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಇಟ್ಟುಕೊಂಡು ನೋಡಿದರು. ಮತ್ತೆ ಗಡಿಯಾರದ ಕಡೆ ತಿರುಗಿದರು.

“ಮೊಟ್ಟೆ ತಣ್ಣಗಿದೆ. ಕಿವಿ ಇದ್ದೋರು ಕೇಳಿಸ್ಕೊಳ್ಳಲಿ.”

ಸಾಹೇಬರೂ ಗಡಿಯಾರಕ್ಕೇ ಉತ್ತರ ಕೊಟ್ಟರು: “ಮೂವತ್ತೇಳೂವರೆ ಇದೆ. ಥರ್ಮಾಮೀಟರಿಗೆ ಮುದ್ರೆ ಇದೆ. ರೆಪ್ಪೆಗೆ ಮುದ್ರೆ ಇಲ್ಲ.”

ಇತ್ತ ಕೋಳಿ ಮೂಲೆ ಅಂಗಡಿಗೆ ವಲಸೆ ಹೋಗಿತ್ತು. ಬೇರೆಲ್ಲ ಜಾಗ ಬಿಟ್ಟು ಅಂಗಡಿಯವನ ಎಲೆಕ್ಟ್ರಾನಿಕ್ ತಕ್ಕಡಿಯ ತಟ್ಟೆಯ ಮೇಲೇ ಹತ್ತಿ ಕೂರುವುದು ಅದಕ್ಕೆ ಅಭ್ಯಾಸವಾಯಿತು. ಕೆಂಪು ಅಂಕಿಗಳಲ್ಲಿ ಅದರ ತೂಕ ದಿನವಿಡೀ ಹೊಳೆಯುತ್ತಿತ್ತು. “ಸಾಹೇಬ್ರೆ, ನಿಮ್ಮ ಕೋಳಿಗೆ ತೂಕದ ಹುಚ್ಚು ನೀವೇ ಹಿಡಿಸಿದ್ರಿ. ಗಿರಾಕಿ ಬಂದ್ರೂ ಇಳಿಯಲ್ಲ ಅನ್ನುತ್ತೆ” ಎಂದು ಅಂಗಡಿಯವನು ದಾರಿಯಲ್ಲಿ ನಿಲ್ಲಿಸಿ ದೂರು ಹೇಳುತ್ತಿದ್ದ.

ಸಾಹೇಬರು ಇಪ್ಪತ್ತೊಂದನ್ನು ಇಪ್ಪತ್ನಾಲ್ಕರಿಂದ ಗುಣಿಸಿ ಐನೂರ ನಾಲ್ಕು ಗಂಟೆ ಎಂದು ತೆಗೆದರು. ಭಾನುವಾರ ಸಂಜೆ ಐದು ಹತ್ತಕ್ಕೆ ಮರಿ. ಇಷ್ಟಕ್ಕೆ ಸುಮ್ಮನಿದ್ದರೆ ಅವರು ಗ್ರಾಂ ಸಾಹೇಬರಾಗುತ್ತಿರಲಿಲ್ಲ. ಬೀದಿಗೆಲ್ಲ ಹೇಳಿದರು. ಕಚೇರಿಯ ಮೇಲಧಿಕಾರಿಗಳನ್ನೂ ಆಹ್ವಾನಿಸಿದರು. ಭಾನುವಾರ ನಾಲ್ಕೂಮುಕ್ಕಾಲಿಗೆ ನಡುಮನೆಯಲ್ಲಿ ಹದಿನೆಂಟು ಜನ, ಮಧ್ಯದಲ್ಲಿ ಪೆಟ್ಟಿಗೆ. ಅತ್ತೆ ಟ್ರಂಕಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು.

ಐದು ಹತ್ತಾಯಿತು. ಸಾಹೇಬರು ಮುಚ್ಚಳ ತೆಗೆದರು. ಹನ್ನೊಂದು ಮೊಟ್ಟೆಗಳು ಇಟ್ಟ ಹಾಗೇ ಇದ್ದವು. ಐದೂಕಾಲಾಯಿತು. ಚಹಾ ಬಂತು. ಐದೂವರೆಯಾಯಿತು. ಯಾರೋ ಕೆಮ್ಮಿದರು; ಎಲ್ಲರೂ ಪೆಟ್ಟಿಗೆಯ ಕಡೆ ಬಗ್ಗಿದರು.

“ಒಂದು ನೋಟಿಸ್ ಕೊಟ್ಟು ನೋಡಿ ಸಾಹೇಬ್ರೆ. ನಮಗಾದ್ರೆ ತಡ ಮಾಡಿದ ತಕ್ಷಣ ಬರುತ್ತಿತ್ತು” ಎಂದ ಅಂಗಡಿಯವನು.

“ಮೊಟ್ಟೆ ಬೇಯಿಸಿಟ್ಟಿದ್ದಲ್ಲ ತಾನೇ?” ಎಂದು ಟೈಲರ್ ನಿಜವಾದ ಕಳಕಳಿಯಿಂದ ಕೇಳಿದ.

ಮೇಲಧಿಕಾರಿಗಳು ಕೈಗಡಿಯಾರ ನೋಡಿಕೊಂಡು, “ಏನ್ರೀ, ಕಾಲಾವಕಾಶ ವಿಸ್ತರಣೆ ಕೇಳಿದ್ದಾರಾ ಒಳಗಿನವರು?” ಎಂದು ತಾವೇ ನಕ್ಕು ಎದ್ದರು. ಅವರ ಹಿಂದೆ ಎಲ್ಲರೂ ಎದ್ದರು. ಹೋಗುವ ಮುಂಚೆ ಪ್ರತಿಯೊಬ್ಬರೂ ಒಂದೊಂದು ಸಲಹೆ ಕೊಟ್ಟರು. ಎಲ್ಲದರ ಸಾರ ಒಂದೇ: ಎಸೆದುಬಿಡಿ.

ಅತ್ತೆ ಗಡಿಯಾರಕ್ಕೆ ಹೇಳಿದರು: “ಬುಧವಾರ ಚಿಕ್ಕಳಿಯಂದಿರು ಕಾರು ತರ್ತಾರೆ.”

“ಎಸೆಯಲ್ಲ” ಎಂದರು ಗ್ರಾಂ ಸಾಹೇಬರು. ಯಾರಿಗೆ ಹೇಳಿದ್ದೆಂದು ಅವರಿಗೇ ಗೊತ್ತಿಲ್ಲ. ಷಡ್ಡಕನ ಕಾರಿನಲ್ಲಿ ಟ್ರಂಕು ಹೋಗುವುದನ್ನೂ, ಆಮೇಲೆ ಬರುವ ಸಂಜೆಗಳನ್ನೂ ಅವರು ಕಣ್ಣಮುಂದೆ ಕಂಡರು. ಬಟ್ಟಲಿಗೆ ನೀರು ತುಂಬಿ, ಮುಚ್ಚಳ ಮುಚ್ಚಿ, ಪಕ್ಕದಲ್ಲೇ ಚಾಪೆ ಹಾಸಿದರು.

ಸೋಮವಾರ ಬೆಳಿಗ್ಗೆ ಎದ್ದಾಗ ತಲೆ ಧಿಮ್ಮೆನ್ನುತ್ತಿತ್ತು.

“ರೀ, ಮುಖ ಬಾಡಿದೆ. ಜ್ವರ ಇದ್ದಂಗಿದೆ” ಎಂದಳು ಹೆಂಡತಿ.

ಇದ್ದಂಗಿದೆ ಎಂಬ ಮಾತು ಸಾಹೇಬರಿಗೆ ಹಿಡಿಸಲಿಲ್ಲ. ಪೆಟ್ಟಿಗೆಯಿಂದ ಥರ್ಮಾಮೀಟರ್ ತೆಗೆದು, ಆ ಅಡಿಕೋಲನ್ನು ಮಡಿಸಿದ ಕೊಡೆಯ ಹಾಗೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಐದು ನಿಮಿಷ ಕೂತರು. ಮೂವತ್ತೆಂಟು. ಸ್ಪಷ್ಟವಾಗಿ ಜ್ವರ. ಅನುಮಾನಕ್ಕೆ ಹೆಂಡತಿಯ ಕಂಕುಳಿಗೂ ಇಟ್ಟರು. ಮೂವತ್ತೆಂಟು!

“ನನಗೇನೂ ಆಗಿಲ್ಲ ಕಣ್ರೀ. ಆರಾಮಾಗಿದ್ದೀನಿ.”

“ಅದೇ ಅಪಾಯ. ಆರಾಮಾಗಿದ್ದೀನಿ ಅನ್ನಿಸೋ ಜ್ವರ ಇದು.”

ಬೇಲಿಯ ಆಚೆ ಟೈಲರ್ ಹಲ್ಲುಜ್ಜುತ್ತಿದ್ದ. ಅವನಿಗೂ ಇಟ್ಟರು: ಮೂವತ್ತೆಂಟು. ಅಂಕಿ ಕೇಳುವವರೆಗೆ ಕಲ್ಲುಗುಂಡಿನಂತಿದ್ದ ಟೈಲರ್ ಕೇಳಿದ ಕೂಡಲೇ ನಡುಗತೊಡಗಿದ. ಅವನ ಹೆಂಡತಿ, ಹಾಲಿನವನು, ಅಂಚೆಯವನು, ಕೊನೆಗೆ ಮೂಲೆ ಅಂಗಡಿಯವನು. ಎಲ್ಲರಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದ ಮೂವತ್ತೆಂಟು. ಬೀದಿಗೆ ಬೀದಿಯೇ ಒಂದು ಡಿಗ್ರಿ ಜ್ವರದಲ್ಲಿ ಮಲಗಲು ಸಿದ್ಧವಾಗಿತ್ತು.

“ಸಾಂಕ್ರಾಮಿಕ!” ಎಂದು ಘೋಷಿಸಿದರು ಗ್ರಾಂ ಸಾಹೇಬರು. ಅಲ್ಲಿಗೆ ಅಂಚೆಯವನಿಗೆ ಕೀಲುನೋವು ಶುರುವಾಯಿತು. ಹಾಲಿನವನಿಗೆ ನಾಲಿಗೆ ಕಹಿಯಾಯಿತು. ಅಂಗಡಿಯವನು ಬಾಗಿಲು ಹಾಕಿದ. ಒಂಬತ್ತು ಗಂಟೆಗೆ ಹದಿನಾಲ್ಕು ರೋಗಿಗಳ ಮೆರವಣಿಗೆ ಬೀದಿಯ ಡಾಕ್ಟರ ಕ್ಲಿನಿಕ್ಕಿನತ್ತ ಹೊರಟಿತು. ಮುಂದೆ ಥರ್ಮಾಮೀಟರ್ ಹಿಡಿದ ಸಾಹೇಬರು.

ಡಾಕ್ಟರು ತಮ್ಮ ಥರ್ಮಾಮೀಟರಿನಿಂದ ಮೊದಲ ಏಳು ಜನರನ್ನು ನೋಡಿದರು. ಆಮೇಲೆ ಸಿಟ್ಟಿನಿಂದ ಎಂಟನೆಯವರನ್ನೂ ನೋಡಿದರು. “ಯಾರಿಗೂ ಜ್ವರ ಇಲ್ಲ. ಎಲ್ಲರೂ ಮನೆಗೆ ಹೋಗಿ.”

“ಇದೆ” ಎಂದರು ಸಾಹೇಬರು. “ನಿಮ್ಮ ಥರ್ಮಾಮೀಟರಿನಲ್ಲಿ ಒಂದು ಡಿಗ್ರಿ ಕಡಿಮೆ ಬರ್ತಿದೆ.”

“ನನ್ನ ಹತ್ತಿರ ಮೂರಿವೆ. ಮೂರೂ ಒಂದೇ ಹೇಳ್ತಿವೆ.”

“ಹಾಗಾದ್ರೆ ಮೂರೂ ತಪ್ಪು. ಗೊತ್ತಿದ್ದು ಮಾಡಿದ್ರೆ ಮೋಸ, ಗೊತ್ತಿಲ್ಲದೆ ಮಾಡಿದ್ರೆ ಅಜಾಗರೂಕತೆ.” ಜೇಬಿನಿಂದ ಮೂರು ಕೆಂಪು ಚೀಟಿ ತೆಗೆದು, ಡಾಕ್ಟರು ಬಾಯಿ ತೆರೆದು ನೋಡುತ್ತಿರುವಂತೆಯೇ ಮೂರು ಥರ್ಮಾಮೀಟರಿಗೂ ಕಟ್ಟಿಬಿಟ್ಟರು. ಡಾಕ್ಟರು ಬಾಯಿ ಮುಚ್ಚಿ ಫೋನು ಎತ್ತಿಕೊಂಡರು. ಆ ಕಡೆ ಮಾತಾಡಿದವರು ಕಚೇರಿಯ ಮೇಲಧಿಕಾರಿಗಳು.

ಈ ಗಲಾಟೆಯಲ್ಲಿ ಪೆಟ್ಟಿಗೆ ನಾಲ್ಕು ಗಂಟೆ ಥರ್ಮಾಮೀಟರಿಲ್ಲದೆ ಕಳೆಯಿತು. ಮನೆಯಲ್ಲಿದ್ದದ್ದು ಅತ್ತೆ ಒಬ್ಬರೇ. ಸಾಹೇಬರು ಹಿಂತಿರುಗಿದಾಗ ಪೆಟ್ಟಿಗೆಯ ಸುತ್ತ ಅತ್ತೆಯ ಕಂಬಳಿ ಇತ್ತು. ತೂತುಗಳಿಗೆ ಮಾತ್ರ ಅಡ್ಡವಾಗದಂತೆ ಅಚ್ಚುಕಟ್ಟಾಗಿ ಸುತ್ತಿತ್ತು. ಅತ್ತೆ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತ ಏನೂ ಗೊತ್ತಿಲ್ಲದವರಂತೆ ಇದ್ದರು. ಥರ್ಮಾಮೀಟರ್ ಒಳಗಿಟ್ಟರೆ ಮೂವತ್ತೆಂಟೂವರೆಗೆ ಏರಿತು. ಒಂದು ಡಿಗ್ರಿ ಹೆಚ್ಚು! ಕಂಬಳಿ ಎಳೆಯಬೇಕು. ಸಾಹೇಬರು ಅದರ ಅಂಚು ಹಿಡಿದರು. ಅತ್ತೆ ಬಂದಾಗಿನಿಂದ ಬೇರೆ ಯಾರಿಗೂ ಹೊದೆಯಲು ಕೊಡದ ಕಂಬಳಿ ಅದು. ಎಳೆಯಲು ಮನಸ್ಸು ಬರಲಿಲ್ಲ. ಜೀವನದಲ್ಲಿ ಮೊದಲ ಸಲ, ಮುದ್ರೆಯಿರುವ ಸಾಧನವೊಂದರ ಮಾತನ್ನು ಮೀರಿ ಸಾಹೇಬರು ಎದ್ದುಹೋದರು.

ಮಂಗಳವಾರ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ವಿಚಾರಣೆ. ಮೇಲಧಿಕಾರಿಗಳು ಕಚೇರಿಯ ಬೀರುವಿನಲ್ಲಿರುವ ಪ್ರಮಾಣದ ಥರ್ಮಾಮೀಟರನ್ನು ಪೆಟ್ಟಿಗೆಸಮೇತ ತಂದಿದ್ದರು. ಬಾಗಿಲು ಕಿಟಕಿಗಳಲ್ಲಿ ಬೀದಿಯ ಜನ. ನಿನ್ನೆಯ ರೋಗಿಗಳೆಲ್ಲ ಗುಣವಾಗಿ ಮುಂದಿನ ಸಾಲಿನಲ್ಲಿದ್ದರು. ಮೇಜಿನ ಮೇಲೆ ಒಂದು ಪಾತ್ರೆ ಬೆಚ್ಚನೆಯ ನೀರು. ಡಾಕ್ಟರದು ಮೂರು, ಕಚೇರಿಯದು ಒಂದು, ಸಾಹೇಬರದು ಒಂದು, ಐದನ್ನೂ ಅದರಲ್ಲಿ ಮುಳುಗಿಸಿದರು.

“ಓದೋರು ಸಂಬಂಧವಿಲ್ಲದವರಾಗಿರಬೇಕು” ಎಂದರು ಮೇಲಧಿಕಾರಿಗಳು.

“ನಾನು ಓದ್ತೀನಿ” ಎಂದು ಮೂಲೆ ಅಂಗಡಿಯವನು ಕಣ್ಣುಮಿಟುಕಿಸುವುದರೊಳಗೆ ಮೇಜಿನ ಬಳಿ ಇದ್ದ. ಕನ್ನಡಕ ಒರೆಸಿಕೊಂಡ. ಈ ಗಳಿಗೆಗಾಗಿ ಕಾದಿದ್ದವನಂತೆ ನಿಧಾನವಾಗಿ ಬಗ್ಗಿದ. “ಡಾಕ್ಟರದು ನಲವತ್ತು. ಡಾಕ್ಟರದು ನಲವತ್ತು. ಡಾಕ್ಟರದು ನಲವತ್ತು. ಕಚೇರಿದು... ನಲವತ್ತು.” ಒಂದು ಸಲ ತಲೆಯೆತ್ತಿ ಇಡೀ ಬೀದಿಯನ್ನು ನೋಡಿದ. “ಗ್ರಾಂ ಸಾಹೇಬ್ರದು, ನಲವತ್ತೊಂದು.”

ಬಾಗಿಲು ಕಿಟಕಿಗಳಲ್ಲಿದ್ದ ತಲೆಗಳೆಲ್ಲ ಸಾಹೇಬರತ್ತ ತಿರುಗಿದವು.

ಮೇಲಧಿಕಾರಿಗಳು ಹಿತ್ತಾಳೆ ಪಟ್ಟಿಯನ್ನು ಎತ್ತಿ ತಿರುಗಿಸಿ ನೋಡಿದರು. ಗಾಜಿನ ಕೊಳವೆಯನ್ನು ಬೆರಳಿನಿಂದ ತಳ್ಳಿದರು. ಅದು ಪಟ್ಟಿಯ ಮೇಲೆ ಸಲೀಸಾಗಿ ಜಾರಿತು. “ಕೊಳವೆ ಹಿಡಿದಿರೋ ಕೊಂಡಿ ಸಡಿಲವಾಗಿ, ಒಂದು ಗೆರೆ ಮೇಲಕ್ಕೆ ಜಾರಿದೆ. ಇದಕ್ಕೆ ಏಟು ಬಿದ್ದಿದೆಯೇನ್ರೀ?”

“ಮೂರು ಏಟು ಸರ್.”

“ಯಾರು ಹೊಡೆದದ್ದು?”

“ನಾನೇ ಸರ್. ಮುದ್ರೆ.”

“ಗಾಜಿನ ಸಾಧನಕ್ಕೆ ಸುತ್ತಿಗೆಯಲ್ಲಿ ಮುದ್ರೆ ಹೊಡೆದ್ರಾ?”

“ಮುದ್ರೆ ಇಲ್ಲದೆ ಹೇಗೆ ನಂಬೋದು ಸರ್?”

ಕಿಟಕಿಯ ಹೊರಗೆ ಯಾರೋ ಕಿಸಕ್ಕೆಂದರು. ಟೈಲರ್ ತಲೆ ತಗ್ಗಿಸಿದ, ಸಾಹೇಬರ ಪರವಾಗಿ ಅವನಿಗೇ ನಾಚಿಕೆಯಾಗಿತ್ತು. ಮುಖ ಕೆಂಪಾಗಿ, ಕಿವಿ ಬಿಸಿಯಾಗಿ ಸಾಹೇಬರು ಗೋಡೆಗೆ ಒರಗಿದರು. ಇಪ್ಪತ್ತೆರಡು ವರ್ಷದ ಮಾನ ಒಂದು ಪಾತ್ರೆ ನೀರಿನಲ್ಲಿ ಮುಳುಗಿಹೋಗಿತ್ತು. ಒಂದು ಡಿಗ್ರಿ! ಮೂವತ್ತೇಳೂವರೆ ಅಂದುಕೊಂಡದ್ದೆಲ್ಲ ಮೂವತ್ತಾರೂವರೆ...

ಅಷ್ಟರಲ್ಲಿ ಅವರ ಕಣ್ಣ ಮುಂದೆ ಕೈಪಿಡಿಯ ಕೊನೆಯ ಪುಟ ಬಂದು ನಿಂತಿತು. ಪಕ್ಕದಲ್ಲಿ ಅವರದೇ ಪೆನ್ಸಿಲ್ ಅಕ್ಷರ ಸಮೇತ.

“ತಪ್ಪು!” ಎಂದು ಕೂಗಿದರು. ಡಾಕ್ಟರು ಹೌಹಾರಿದರು. “ಸರ್, ಖಂಡಿತ ತಪ್ಪು ತಾನೇ? ಇನ್ನೊಂದು ಸಲ ನೋಡಿ ಸರ್. ಪೂರ್ತಿ ಒಂದು ಡಿಗ್ರಿ?”

“ಪೂರ್ತಿ ಒಂದು ಡಿಗ್ರಿ ಕಣ್ರೀ. ನಾಚಿಕೆಯಾಗಬೇಕು.”

“ಆಗಿದೆ ಸರ್, ಬಹಳ ಆಗಿದೆ!” ಎಂದು ಮೇಲಧಿಕಾರಿಗಳ ಎರಡೂ ಕೈ ಹಿಡಿದು ಕುಲುಕಿದರು. “ನನ್ನದು ತಪ್ಪು! ಥರ್ಮಾಮೀಟರ್ ಸರಿಯಿದ್ದಿದ್ರೆ, ಮರಿ ಬರದಿದ್ದಕ್ಕೆ ಮೊಟ್ಟೆ ಸತ್ತಿವೆ ಅಂತಲೇ ಅರ್ಥ ಸರ್. ತಪ್ಪಿರೋದಕ್ಕೇ ತಡ ಆಗಿದೆ, ಅಷ್ಟೇ! ತಣ್ಣಗಿದ್ವು, ಅದಕ್ಕೇ ತಡ!” ಡಾಕ್ಟರ ಥರ್ಮಾಮೀಟರುಗಳಿಂದ ಕೆಂಪು ಚೀಟಿಗಳನ್ನು ಕಿತ್ತು, ಅದರಲ್ಲೊಂದನ್ನು ತಮ್ಮದಕ್ಕೆ ಬಿಗಿಯಾಗಿ ಕಟ್ಟಿ ಅಂಗಡಿಯವನ ಕೈಗೆ ಕೊಟ್ಟರು. “ಏಳು ದಿನ. ಅಂಗಡಿ ಮುಂದೆ. ಎಲ್ಲರಿಗೂ ಕಾಣೋ ಹಾಗೆ.” ಅಂಗಡಿಯವನು ಇಷ್ಟು ದಿನ ಕಾದು ಸಿದ್ಧಪಡಿಸಿಕೊಂಡಿದ್ದ ಮಾತೊಂದು ಅವನ ಬಾಯಲ್ಲೇ ಉಳಿಯಿತು. ಸಾಹೇಬರು ಆಗಲೇ ಸೈಕಲ್ಲು ಹತ್ತಿದ್ದರು.

ದಾರಿಯುದ್ದಕ್ಕೂ ಕಂಡಕಂಡವರಿಗೆಲ್ಲ “ನನ್ನದು ತಪ್ಪಂತೆ!” ಎಂದು ಕೂಗಿ ಹೇಳಿದರು. ತಪ್ಪು ಮಾಡಿ ಇಷ್ಟು ಸಂತೋಷಪಟ್ಟ ಮನುಷ್ಯನನ್ನು ಬೀದಿ ಕಂಡಿರಲಿಲ್ಲ.

ಅತ್ತೆ ನಡುಮನೆಯಲ್ಲಿ ಟ್ರಂಕಿಗೆ ಬೀಗ ಹಾಕುತ್ತಿದ್ದರು. ಸಾಹೇಬರು ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟರು.

“ಅತ್ತೆ, ನನ್ನದು ತಪ್ಪು.”

ಇಪ್ಪತ್ತಮೂರು ದಿನದ ಮೇಲೆ ಅತ್ತೆ ಗಡಿಯಾರವನ್ನು ಬಿಟ್ಟು ಅಳಿಯನ ಮುಖ ನೋಡಿದರು. “ಯಾವುದು? ಥರ್ಮಾಮೀಟರಾ, ಕೋಳಿಯಾ?”

ಥರ್ಮಾಮೀಟರಿನದು ನಾಲ್ಕು ಥರ್ಮಾಮೀಟರುಗಳ ಸಾಕ್ಷಿಯಿಂದ ಸಾಬೀತಾಗಿತ್ತು. ಕೋಳಿಯದಕ್ಕೆ ಯಾವ ಸಾಕ್ಷಿಯೂ ಇರಲಿಲ್ಲ, ಸಾಹೇಬರೊಬ್ಬರನ್ನು ಬಿಟ್ಟು.

“ಎರಡೂ” ಎಂದರು. “ಮೊದಲು ಕೋಳಿದು.”

ಅತ್ತೆ ಪೆಟ್ಟಿಗೆಯ ಹತ್ತಿರ ಹೋಗಿ ಕಂಬಳಿ ಸರಿಸಿ ಒಂದು ಮೊಟ್ಟೆ ಎತ್ತಿಕೊಂಡರು. “ಬನ್ನಿ ಇಲ್ಲಿ. ಕಣ್ಣು ಮುಚ್ಚಿ. ಕೈ ಆಡಿಸಬೇಡಿ.” ಮೊಟ್ಟೆಯನ್ನು ಅಳಿಯನ ರೆಪ್ಪೆಯ ಮೇಲೆ ಮೆಲ್ಲನೆ ಇಟ್ಟರು. “ಬಿಸಿ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಹಾಗಿದ್ರೆ ಸರಿ. ಅಷ್ಟೇ ಲೆಕ್ಕ.”

ಸಾಹೇಬರು ಕಣ್ಣು ಮುಚ್ಚಿ ನಿಂತರು. ಬಿಸಿಯಿರಲಿಲ್ಲ, ತಣ್ಣಗೂ ಇರಲಿಲ್ಲ. ಇನ್ನೇನು ತೆಗೆಯಬೇಕು ಅನ್ನುವಾಗ ರೆಪ್ಪೆಯ ಮೇಲೆ ಏನೋ ತಾಕಿದಂತಾಯಿತು. ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ. ಟಕ್. ಸ್ವಲ್ಪ ಬಿಟ್ಟು ಮತ್ತೆ, ಟಕ್.

“ಅತ್ತೆ” ಎಂದರು, ಪಿಸುದನಿಯಲ್ಲಿ. “ಮುದ್ರೆ ಹೊಡೀತಿದ್ದಾರೆ.”

ಅವರ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಮೊಟ್ಟೆಯ ಮೇಲಿದ್ದ ಪೆನ್ಸಿಲ್ ಅಂಕಿಯನ್ನು ಅಳಿಸಿತು. ಅತ್ತೆ ಸೆರಗಿನಿಂದ ಮೊದಲು ಮೊಟ್ಟೆ ಒರೆಸಿ, ಆಮೇಲೆ ಅಳಿಯನ ಮುಖದ ಕಡೆ ಸೆರಗು ಚಾಚಿದರು.

ಬುಧವಾರ ಬೆಳಿಗ್ಗೆ ಮೊದಲ ಮೊಟ್ಟೆಯಲ್ಲಿ ಬಿರುಕು ಕಂಡಿತು. ಸಾಹೇಬರು ಚಿಪ್ಪು ಬಿಡಿಸಲು ಕೈ ಹಾಕಿದಾಗ ಅತ್ತೆ ಕೈಗೆ ಫಟ್ಟೆಂದು ಒಂದು ಕೊಟ್ಟರು. “ಅದರ ಕೆಲಸ ಅದು ಮಾಡಲಿ.” ಹತ್ತು ಗಂಟೆಗೆ ಮೊದಲ ಮರಿ ಒದ್ದೆ ಮುದ್ದೆಯಾಗಿ ಮಖಮಲ್ಲಿನ ಮೇಲೆ ಉರುಳಿತು. ಮಧ್ಯಾಹ್ನದ ಹೊತ್ತಿಗೆ ಎಂಟಾದವು. ಉಳಿದ ಮೂರು ಸಂಜೆಯಾದರೂ ಏಳಲೇ ಇಲ್ಲ. ಸಾಹೇಬರ ಮುಖ ಬಾಡಿದ್ದು ಕಂಡು ಅತ್ತೆ, “ಕೋಳಿ ಕೂತಿದ್ರೂ ಹನ್ನೊಂದಕ್ಕೆ ಹನ್ನೊಂದು ಬರ್ತಿರಲಿಲ್ಲ” ಎಂದರು. ಅದು ನಿಜವೋ ಸಮಾಧಾನವೋ, ಸಾಹೇಬರು ಪರೀಕ್ಷಿಸಲು ಹೋಗಲಿಲ್ಲ.

ಮಧ್ಯಾಹ್ನ ಮೂರಕ್ಕೇ ಷಡ್ಡಕನ ಕಾರು ಬಂದು ಹಾರನ್ ಹೊಡೆದಿತ್ತು. ಅತ್ತೆ ಕಿಟಕಿಯಿಂದ ತಲೆ ಹಾಕಿ ಕೂಗಿದ್ದರು:

“ಈಗ ಬರಕ್ಕಾಗಲ್ಲ. ನಮ್ಮ ದೊಡ್ಡ ಅಳಿಯಂದಿರ ಬಾಣಂತನ ಮುಗೀಲಿ!”

ಆ ಸಂಜೆ ಸಾಹೇಬರು ಗೋಡೆಗೆ ಒರಗಿ ಕ್ಲಿನಿಕ್ಕಿನ ಕಥೆಯನ್ನು ಮೊದಲಿನಿಂದ ಹೇಳಿದರು. ಹೆಂಡತಿ ಮೂರನೇ ವಾಕ್ಯಕ್ಕೆ ಆಕಳಿಸಿದಳು. ಅತ್ತೆ ಮರಿಗಳಿಗೆ ನುಚ್ಚು ಹರಡುತ್ತ “ಆಮೇಲೆ?” ಎಂದರು.

ಮರುದಿನ ಕಚೇರಿಗೆ ಹೋಗುವಾಗ ಮೂಲೆ ಅಂಗಡಿಯ ಮುಂದೆ ಹಿತ್ತಾಳೆ ಥರ್ಮಾಮೀಟರ್ ಕೆಂಪು ಚೀಟಿಯೊಡನೆ ಗಾಳಿಗೆ ತೂಗುತ್ತಿತ್ತು. ಅದರ ಕೆಳಗೆ ತಕ್ಕಡಿಯ ಮೇಲೆ ಕೋಳಿ ಕೂತಿತ್ತು. ಅಂಗಡಿಯವನು ಎರಡು ದಿನದಿಂದ ಬಾಯಲ್ಲೇ ಉಳಿಸಿಕೊಂಡ ಮಾತನ್ನು ಹೇಳಲು ಸಾಹೇಬರನ್ನು ತಡೆದು ನಿಲ್ಲಿಸಿದ. ಹತ್ತಿರದಿಂದ ಮುಖ ನೋಡಿದ ಮೇಲೆ ಯಾಕೋ ಅದನ್ನು ಹೇಳದೆ ಬೇರೆ ಕೇಳಿದ.

“ಮರಿ ಬಂದ್ವಂತೆ ಸಾಹೇಬ್ರೆ. ಸಂತೋಷ. ಒಂದೊಂದು ಎಷ್ಟೆಷ್ಟು ಗ್ರಾಂ ಬಂತು?”

ಗ್ರಾಂ ಸಾಹೇಬರು ಸೈಕಲ್ಲಿನಿಂದ ಇಳಿದರು. ಬಲಗೈಯನ್ನು ಬೊಗಸೆಯ ಹಾಗೆ ಮಡಿಚಿ, ಅದರೊಳಗೆ ಏನೋ ಬೆಚ್ಚಗೆ ಇರುವಂತೆ ಬೆರಳುಗಳನ್ನು ಮೆಲ್ಲನೆ ಮುಚ್ಚಿ ತೋರಿಸಿದರು.

“ಒಂದು ಹಿಡಿ” ಎಂದರು. ಸ್ವಲ್ಪ ಯೋಚಿಸಿ, “ಸುಮಾರು” ಎಂದು ಸೇರಿಸಿದರು.